ವಿಭೂತಿ ಡಬ್ಬಿಯಲ್ಲಿದ್ದ ನಟ್ಟು

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ. ಯಾರೂ ಏನೂ ಅನ್ನದೆಯೇ ಆರು ವರ್ಷ ದಿನಾ ಹೆಗಲು ಮುಟ್ಟಿಕೊಂಡವನು ನನಗೆ ಗೊತ್ತಿದ್ದಂತೆ ಪಂಚಾಕ್ಷರಿ ಒಬ್ಬನೇ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಹಿಂಭಾಗದಲ್ಲಿ, ತಗಡಿನ ಮಾಡು ಹಾಕಿದ ಗ್ಯಾರೇಜು ಅವನದು. ಎಂಜಿನ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಎಲ್ಲಿ ನೋವು ಅಂತ ಹೇಳಿಬಿಡುವ ಪೈಕಿ. ಪಂಚಾಕ್ಷರಿ ಬಿಗಿದಿದ್ದನ್ನು ಪಂಚಾಕ್ಷರಿಯೇ ಬಿಚ್ಚಬೇಕು ಅಂತ ಕಾರ್ಡ್ ರೋಡಿನ ಆಚೆ ಈಚೆ ಜನ ಮಾತಾಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಅವನು ಮುಖ ತಿರುಗಿಸಿಕೊಂಡು ಗಾಡಿಯ ಕೆಳಗೆ ನುಗ್ಗುತ್ತಿದ್ದ. ಜನ ಅದನ್ನು ವಿನಯ ಅಂದುಕೊಂಡರು. ಜನಕ್ಕೇನು, ಏನು ಬೇಕಾದರೂ ಅಂದುಕೊಳ್ಳುತ್ತಾರೆ.

ಎಪ್ಪತ್ತಾರನೇ ಇಸವಿ. ಆಯುಧಪೂಜೆಗೆ ಇನ್ನೊಂದು ವಾರ ಇತ್ತು. ಬೆಳಗ್ಗೆ ಹತ್ತರ ಸುಮಾರಿಗೆ ಪಂಚಾಕ್ಷರಿ ಟೀ ಕುಡಿಯುತ್ತ ಬಾಗಿಲಲ್ಲಿ ನಿಂತಿದ್ದಾಗ ರಸ್ತೆಯ ತಿರುವಿನ ಆಚೆ ಒಂದು ಎಂಜಿನ್ನಿನ ಸದ್ದು ಕೇಳಿಸಿತು. ಗಂಟಲಲ್ಲಿ ಸ್ವಲ್ಪ ಗೊರಗೊರ, ಮೇಲೆ ಸಣ್ಣ ಸಿಳ್ಳು. ಆ ಸದ್ದನ್ನು ಹುಟ್ಟಿಸಿದವನೇ ಅವನು. ಆರು ವರ್ಷದಿಂದ ಕೇಳಿರಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋಗಿಬಿಡೋಣ ಅಂದುಕೊಂಡ, ಅಷ್ಟರಲ್ಲಿ ಗಾಡಿ ತಿರುವು ದಾಟಿತು.

ಹಸಿರು ಬಣ್ಣದ, ಎರಡೇ ಸೀಟಿನ, ತಲೆಯ ಮೇಲೆ ಮುಚ್ಚಿಗೆಯಿಲ್ಲದ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರು ಎತ್ತಿನ ಗಾಡಿಗಿಂತ ನಿಧಾನವಾಗಿ ಬಂದು ಗ್ಯಾರೇಜಿನ ಮುಂದೆ ನಿಂತಿತು. ಓಡಿಸುತ್ತಿದ್ದವಳು ವತ್ಸಲಾ, ಸೇತುರಾಮನ ಹೆಂಡತಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸೇತುರಾಮ ಇದೇ ಕಾರಿನಲ್ಲಿ ಮಾಗಡಿ ರಸ್ತೆಯಲ್ಲಿ, ಬ್ಯಾಡರಹಳ್ಳಿಯ ಹತ್ತಿರ ಹುಣಸೆಮರಕ್ಕೆ ಗುದ್ದಿ ಸತ್ತಿದ್ದ. ಎಪ್ಪತ್ತರ ಆಯುಧಪೂಜೆಯ ದಿನ.

"ಸ್ಟೇರಿಂಗ್ ಅಲ್ಲಾಡ್ತಾ ಇದೆ ಪಂಚಾಕ್ಷರಿಯವ್ರೆ," ಅಂದಳು ವತ್ಸಲಾ, ಇಳಿಯದೆಯೇ. ಸ್ಟೇರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದು ತೋರಿಸಿದಳು. ಕಟಕ್ ಅಂತ ಅರ್ಧ ಬೆರಳು ಮುಂದೆ ಬಂತು. "ನಮ್ಮ ಮೈದುನ ಕಿಟ್ಟಿ ಆಗ ಮುಂಭಾಗ ಎಲ್ಲೋ ರಿಪೇರಿ ಮಾಡಿಸಿ ಶೆಡ್ಡಿಗೆ ತಳ್ಳಿದ್ದ. ಹೋದ ತಿಂಗಳು ನಾನೇ ತೆಗೆಸ್ದೆ. ಎಲ್ಲ ಸರಿಯಿದೆ, ಇದೊಂದೇ. ನೀವೇ ಮಾಡ್ಕೊಡಿ, ಬೇರೆಯವ್ರ ಕೈಗೆ ಕೊಡಕ್ಕೆ ನಂಗೆ ಧೈರ್ಯ ಇಲ್ಲ."

"ಈ ಗಾಡಿ ಯಾಕೆ ಮೇಡಂ ಈಗ?" ಅಂದ ಪಂಚಾಕ್ಷರಿ.

"ಆಯುಧಪೂಜೆ ದಿನ ಬಂದು ತಗೊಂಡ್ಹೋಗ್ತೀನಿ. ಅವತ್ತು ಅದೇ ರಸ್ತೇಲಿ ಹೋಗ್ಬೇಕು ನಾನು," ಅಂದು ಬೀಗದಕೈ ಅವನ ಅಂಗೈಯಲ್ಲಿಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.

ಈಗ ಆ ಹಳೆಯ ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವನು ಆ ಗಾಡಿಗೆ ಯಾಕೆ ಹೆದರಿದ ಅಂತ ಗೊತ್ತಾಗುವುದಿಲ್ಲ.

ಸೇತುರಾಮ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಊರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನ ಹಿತ್ತಲಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಈ ಗಾಡಿಯನ್ನು ಎತ್ತಿನ ಗಾಡಿಗೆ ಕಟ್ಟಿಸಿ ಎಳೆಸಿಕೊಂಡು ಬಂದಿದ್ದ. ಮೂರು ವರ್ಷ, ಒಂದು ಭಾನುವಾರವೂ ತಪ್ಪದೆ, ಅವನೂ ಪಂಚಾಕ್ಷರಿಯೂ ಅದರ ಮುಂದೆ ಕೂತರು. ಸೇತುರಾಮನ ಅಯ್ಯಂಗಾರ್ ಮನೆಯ ಪುಳಿಯೋಗರೆ, ಪಂಚಾಕ್ಷರಿಯ ಹೆಂಡತಿ ನೀಲಗಂಗಮ್ಮನ ಅಕ್ಕಿರೊಟ್ಟಿ, ಎರಡನ್ನೂ ಗ್ರೀಸಿನ ಕೈಯಲ್ಲೇ ಹಂಚಿಕೊಂಡು ತಿಂದರು. ಗಾಡಿ ಹೊರಟ ದಿನ ಇಬ್ಬರೂ ಕಣ್ಣು ಒರೆಸಿಕೊಂಡಿದ್ದರು. ಸೇತುರಾಮನಿಗೆ ಒಂದು ಅಭ್ಯಾಸ. ಗಾಡಿ ಹೊರಡಿಸುವ ಮುಂಚೆ ಉಂಗುರದ ಬೆರಳಿನಿಂದ ಸ್ಟೇರಿಂಗಿನ ಮರದ ಅಂಚಿಗೆ ಎರಡು ಸಲ ಬಡಿಯುತ್ತಿದ್ದ. ಟಕ್, ಟಕ್. ಕುದುರೆಗೆ ಹೇಳಿ ಹೊರಡಬೇಕು ಪಂಚಾಕ್ಷರಿ, ಅನ್ನುತ್ತಿದ್ದ.

ಎಪ್ಪತ್ತರಲ್ಲಿ ಹಬ್ಬಕ್ಕೆ ಅಂತ ಆ ಮರದ ಅಂಚಿಗೆ ಹೊಸ ಪಾಲಿಶ್ ಆಗಬೇಕು ಅಂದ ಸೇತುರಾಮ. ಪಂಚಾಕ್ಷರಿ ಚಕ್ರ ಬಿಚ್ಚಿ ಪಾಲಿಶಿಗೆ ಕೊಟ್ಟ. ಮೋಡ ಇದ್ದದ್ದರಿಂದ ಅದು ಒಣಗಲಿಲ್ಲ. ಹಬ್ಬದ ದಿನ ಹತ್ತು ಗಂಟೆಗೆ ಚಕ್ರ ಕೈಗೆ ಬಂದಾಗ ಗ್ಯಾರೇಜಿನಲ್ಲಿ ಆಗಲೇ ಪೂಜೆ ಮುಗಿದಿತ್ತು. ನೀಲಗಂಗಮ್ಮ ಎಲ್ಲ ಆಯುಧಗಳನ್ನೂ ತೊಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಮಂಗಳಾರತಿ ಎತ್ತಿದ್ದಳು. ಪೂಜೆಗಿಟ್ಟ ಆಯುಧವನ್ನು ಆವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ ಮರುಪೂಜೆ ಮಾಡಿದ ಮೇಲೆಯೇ ಕೈಗೆ ತೆಗೆದುಕೊಳ್ಳಬೇಕು. ಸರ್ಕಾರಿ ಆಫೀಸಿನ ಗುಮಾಸ್ತನೂ ಆವತ್ತು ಪೆನ್ನು ಮುಟ್ಟುವುದಿಲ್ಲ, ಇನ್ನು ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುತ್ತಾನೆಯೇ.

ಪಂಚಾಕ್ಷರಿ ಚಕ್ರವನ್ನು ಹಲ್ಲಿಗೆ ಹಲ್ಲು ಕೂರಿಸಿ, ನಡುವಿನ ದೊಡ್ಡ ಹಿತ್ತಾಳೆಯ ನಟ್ಟನ್ನು ಬೆರಳಲ್ಲಿ ತಿರುಗಿಸಿ, ಬೆರಳಿಗೆ ಎಷ್ಟು ಸಾಧ್ಯವೋ ಅಷ್ಟು ಬಿಗಿ ಮಾಡಿದ. ನಾಳೆ ಬೆಳಗ್ಗೆ ಸ್ಪ್ಯಾನರ್ ಹಾಕಿದರಾಯಿತು, ಸಾರ್ ಇಲ್ಲೇ ಎರಡನೇ ಬ್ಲಾಕಿನ ಮನೆಗೆ ತಾನೆ ಹೋಗುವುದು ಅಂದುಕೊಂಡ. ಇದನ್ನು ಸೇತುರಾಮನಿಗೆ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ ಕೂಡ. ಅಷ್ಟರಲ್ಲಿ ಗಾಡಿಗೆ ಆರತಿ ಆಗುತ್ತಿತ್ತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಇಂಥ ಶುಭಗಳಿಗೆಯಲ್ಲಿ ಸಡಿಲ, ಬಿದ್ದೀತು, ಜೋಪಾನ ಅನ್ನುವ ಅಪಶಕುನದ ಮಾತು ಆಡುವುದಾದರೂ ಹೇಗೆ? ಅವನು ಬಾಯಿ ಮುಚ್ಚಿಕೊಂಡ. ಸೇತುರಾಮ ಟಕ್ ಟಕ್ ಅಂತ ಬಡಿದು, ನಿಂಬೆಹಣ್ಣು ತುಳಿಸಿ, ಮನೆಯ ಕಡೆ ತಿರುಗದೆ ಮಾಗಡಿ ರಸ್ತೆಯ ಕಡೆ ತಿರುಗಿದ. ಮಧ್ಯಾಹ್ನ ಸುದ್ದಿ ಬಂತು.

ಡಿಕ್ಕಿಯ ರಭಸಕ್ಕೆ ಸ್ಟೇರಿಂಗ್ ಕಿತ್ತು ಬಂದಿದೆ ಅಂತ ಪೊಲೀಸರು ಬರೆದುಕೊಂಡು ಹೋದರು. ಮಾರನೆಯ ದಿನ ಪಂಚಾಕ್ಷರಿ ಅಲ್ಲಿಗೆ ಹೋಗಿ ಸೀಟಿನ ಕೆಳಗೆ ಕೈಯಾಡಿಸಿದ. ನಟ್ಟು ಸಿಕ್ಕಿತು. ಎಳೆದು ಕಿತ್ತದ್ದಾಗಿದ್ದರೆ ಒಳಗಿನ ಥ್ರೆಡ್ಡು, ಅಂದರೆ ತಿರುಪಿನ ಗೆರೆ, ಹರಿದು ಚಿಂದಿಯಾಗಿರಬೇಕು. ಒಂದು ಗೆರೆಯೂ ಮಾಸಿರಲಿಲ್ಲ. ಮಾಗಡಿ ರಸ್ತೆಯ ಹಳ್ಳಕೊಳ್ಳಕ್ಕೆ ಕುಲುಕಿ ಕುಲುಕಿ, ತಾನಾಗಿ ತಿರುಗಿ, ಬಿಚ್ಚಿಕೊಂಡು ಬಿದ್ದಿತ್ತು. ಅದರ ಮೂಲೆಗಳಲ್ಲಿ ಹಬ್ಬದ ಕುಂಕುಮ ಇನ್ನೂ ಇತ್ತು. ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಂಡು ಬಂದು ಮನೆಯ ವಿಭೂತಿ ಡಬ್ಬಿಯಲ್ಲಿಟ್ಟ. ನೀಲಗಂಗಮ್ಮ ಕೇಳಿದ್ದಕ್ಕೆ ಇರಲಿ ಬಿಡು ಅಂದ. ಏನೋ ಹರಕೆ ಇರಬೇಕು ಅಂದುಕೊಂಡು ಆ ಮಹಾತಾಯಿ ಪ್ರತಿ ಸೋಮವಾರ ಅದಕ್ಕೂ ಒಂದು ಹೂವು ಇಟ್ಟಳು. ಹೀಗೆ ಆರು ವರ್ಷ ಆ ನಟ್ಟಿಗೆ ಪೂಜೆ ನಡೆಯಿತು.

ವತ್ಸಲಾ ಬಿಟ್ಟುಹೋದ ಕಾರನ್ನು ಅವನು ಮೂಲೆಗೆ ತಳ್ಳಿ ನಿಲ್ಲಿಸಿದ. ಚಕ್ರದ ನಡುವೆ ಯಾವುದೋ ಗಾಡಿಯ ಕಬ್ಬಿಣದ ನಟ್ಟು ಇತ್ತು. ಥ್ರೆಡ್ಡಿಗೆ ಥ್ರೆಡ್ಡು ಕೂತಿರಲಿಲ್ಲ, ಬಲವಂತದ ಮದುವೆ. ಇದಕ್ಕೆ ಸರಿಯಾದ ನಟ್ಟು ಎಲ್ಲಿದೆ ಅಂತ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅದನ್ನು ತಂದು ಹಾಕಿದರೆ ಎರಡು ನಿಮಿಷದ ಕೆಲಸ. ಆದರೆ ವತ್ಸಲಾ ಕಣ್ಣಿದ್ದವಳು, ಗಂಡನ ಗಾಡಿಯ ಹಿತ್ತಾಳೆಯ ನಟ್ಟನ್ನು ಮರೆತಿರುವುದಿಲ್ಲ. ಎಲ್ಲಿತ್ತು ಅಂತ ಕೇಳಿದರೆ ಏನು ಹೇಳುವುದು?

ಹಾಗಾಗಿ ಅವನು ಬೇರೆ ದಾರಿ ಹುಡುಕಿದ. ಜೆ.ಸಿ. ರೋಡಿನ ಗುಜರಿಯಿಂದ ನಟ್ಟು ತಂದು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರ ಹಾಕಿ ಬಿಗಿದ. ಚಕ್ರ ಬಂಡೆಯ ಹಾಗೆ ನಿಂತಿತು. ಬೆಳಗ್ಗೆ ಬಂದು ನೋಡಿದರೆ ಚಕ್ರ ಎಡಕ್ಕೆ ತಿರುಗಿತ್ತು. ಮುಟ್ಟಿದರೆ ಕಟಕ್ ಅಂತ ಮುಂದೆ ಬಂತು. ಗ್ಯಾರೇಜಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

ಎರಡನೇ ಬೀದಿಯಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡಿದ್ದ ಚಿಕ್ಕಮುನಿಯಪ್ಪನ ಹತ್ತಿರ ಹೋದ. ಚಿಕ್ಕಮುನಿಯಪ್ಪ ಬಂದು ಅಳತೆ ನೋಡಿ ತಲೆ ಕೆರೆದುಕೊಂಡ.

"ಪಂಚಾಕ್ಷರಣ್ಣ, ಇದು ಹಳೇ ಇಂಗ್ಲಿಷ್ ಥ್ರೆಡ್ಡು ಕಣಣ್ಣ. ಅಂದಾಜಲ್ಲಿ ಕೊರೀಬೋದು, ಆದ್ರೆ ಗ್ಯಾರಂಟಿ ಕೊಡಕ್ಕಾಗಲ್ಲ. ಹಳೇ ನಟ್ಟು ಇದ್ರೆ ತಂದ್ಕೊಡು, ಕಣ್ ಮುಚ್ಕೊಂಡ್ ಮಾಡ್ಕೊಡ್ತೀನಿ."

"ಹಳೇದು ಇಲ್ಲ," ಅಂದ ಪಂಚಾಕ್ಷರಿ.

"ಎಲ್ಲಿ ಹೋಯ್ತು?"

"ನನ್ನೇನು ಕೇಳ್ತೀಯಾ, ನಾನೇನು ತಿಂದಿದೀನಾ?" ಅಂತ ಅವನು ರೇಗಿದ. ಪಾಪ, ಚಿಕ್ಕಮುನಿಯಪ್ಪ ಯಾಕೆ ಬೈಸಿಕೊಂಡೆ ಅಂತ ತಿಳಿಯದೆ ಸುಮ್ಮನೆ ಕೊರೆದುಕೊಟ್ಟ. ಅದನ್ನೂ ಹಾಕಿ, ವಾಷರ್ ಸೇರಿಸಿ, ತೂತು ಕೊರೆದು ಪಿನ್ನು ಹೊಡೆದು ಮನೆಗೆ ಹೋದ. ಬೆಳಗ್ಗೆ ಪಿನ್ನು ನೆಲದ ಮೇಲೆ ಬಿದ್ದಿತ್ತು. ಚಕ್ರ ಎಡಕ್ಕೆ ತಿರುಗಿತ್ತು. ಇಲಿ ಇರಬೇಕು ಅಂತ ತನಗೆ ತಾನೇ ಹೇಳಿಕೊಂಡ. ಇಲಿ ಪಿನ್ನು ಕೀಳುತ್ತದೆಯೇ ಅಂತ ಯಾರೂ ಕೇಳಲಿಲ್ಲ, ಅವನೇ ಕೇಳಿಕೊಂಡ.

ಆಮೇಲೆ ಆ ಸದ್ದು ಶುರುವಾಯಿತು. ನಡುಮಧ್ಯಾಹ್ನ, ಕರೆಂಟು ಹೋಗಿ ಇಡೀ ಇಂಡಸ್ಟ್ರಿಯಲ್ ಟೌನೇ ಮೌನವಾಗಿದ್ದ ಹೊತ್ತು. ಪಂಚಾಕ್ಷರಿ ಒಂದು ವ್ಯಾನಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಮೂಲೆಯಿಂದ ಕೇಳಿಸಿತು. ಟಕ್, ಟಕ್. ಉಂಗುರ ಮರಕ್ಕೆ ಬಡಿದ ಸದ್ದು. ಅವನು ತಲೆ ಹೊರಗೆ ಹಾಕಿ ನೋಡಿದ. ಹಸಿರು ಕಾರಿನಲ್ಲಿ ಯಾರೂ ಇರಲಿಲ್ಲ. ತಗಡಿನ ತೂತಿನಿಂದ ಬಿದ್ದ ಬಿಸಿಲಲ್ಲಿ ಚಕ್ರ ಮಾತ್ರ ಕಾಣುತ್ತಿತ್ತು, ಯಾರೋ ಈಗ ತಾನೇ ಕೈ ತೆಗೆದ ಹಾಗೆ ಸಣ್ಣಗೆ ಅಲ್ಲಾಡುತ್ತಿತ್ತು. ಬಿಸಿಲಿಗೆ ತಗಡು ಹಿಗ್ಗಿದರೆ ಹಾಗೆ ಸದ್ದು ಬರುವುದುಂಟು. ಅವನಿಗೂ ಅದು ಗೊತ್ತಿತ್ತು. ಆದರೂ ವ್ಯಾನಿನ ಕೆಳಗಿನಿಂದ ಹೊರಗೆ ಬಂದು ಕಾರಿನ ಹತ್ತಿರ ನಿಂತ.

"ಸಾರ್," ಅಂದ ಮೆಲ್ಲಗೆ, ಖಾಲಿ ಸೀಟಿನ ಕಡೆ ನೋಡಿ. "ಬೇಕಂತ ಮಾಡಿದ್ದಲ್ಲ ಸಾರ್."

ಉತ್ತರ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಬೆರಳು ತಾಗಿದ ಸದ್ದಿಗೂ ಬೆಚ್ಚುತ್ತಿದ್ದ. ಯಾಕ್ರೀ ಅನ್ನ ಸೇರ್ತಿಲ್ಲ ಅಂತ ನೀಲಗಂಗಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ. ಅವಳು ಜೀರಿಗೆ ಕಷಾಯ ಮಾಡಿಕೊಟ್ಟಳು. ಈ ರೋಗಕ್ಕೆ ಜೀರಿಗೆ ಏನು ಮಾಡೀತು.

ಹಬ್ಬಕ್ಕೆ ಎರಡು ದಿನ ಇರುವಾಗ ವತ್ಸಲಾ ಸ್ಕೂಲು ಮುಗಿಸಿಕೊಂಡು ಗ್ಯಾರೇಜಿಗೆ ಬಂದಳು. ಪಂಚಾಕ್ಷರಿ ಕಬ್ಬಿಣದ ಕುರ್ಚಿ ಒರೆಸಿ ಹಾಕಿದ. ಬೆಳಗ್ಗೆಯಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತನ್ನು ಹೊರಗೆ ತೆಗೆದ.

"ಮೇಡಂ, ಕೋಪ ಮಾಡ್ಕೋಬೇಡಿ. ಈ ಗಾಡಿ ಸಹವಾಸ ಬಿಟ್ಬಿಡಿ. ಯಾರಿಗಾದ್ರೂ ಕೊಟ್ಬಿಡಿ. ಆ ರಸ್ತೆಗಂತೂ ಬೇಡ."

ವತ್ಸಲಾ ಪಾಠ ಹೇಳುವವಳಂತೆ ಸಮಾಧಾನವಾಗಿ ಹೇಳತೊಡಗಿದಳು.

"ಅವತ್ತು ಬೆಳಗ್ಗೆ ನಮ್ಮಿಬ್ರಿಗೂ ಜಗಳ ಆಯ್ತು ಪಂಚಾಕ್ಷರಿಯವ್ರೆ. ಹಬ್ಬದ ದಿನ ಮನೇಲಿ ನೂರು ಕೆಲಸ, ಇವ್ರು ಎದ್ದೋರೇ ಸ್ಟೇರಿಂಗ್ ಪಾಲಿಶ್ ಅಂತ ಹೊರಟ್ರು. ನಿಮ್ಗೆ ಆ ಗಾಡಿ ಇದ್ರೆ ಸಾಕಲ್ವಾ, ಅದ್ರ ಜೊತೇನೇ ಹೋಗಿ ಅಂದೆ. ನಮ್ಮತ್ತೆ ಅಲ್ಲೇ ಹೂ ಕಟ್ತಾ ಇದ್ರು. ಕೇಳಿಸ್ಕೊಂಡ್ರು."

"ಹೆಂಗಸ್ರು ಅನ್ನೋ ಮಾತು ಮೇಡಂ ಅದು. ನಮ್ಮನೇಲೂ ದಿನಾ ಅಂತಾರೆ."

"ಮನೇಲಿ ಅಸ್ತು ದೇವತೆ ಓಡಾಡ್ತಿರ್ತಾಳಂತೆ. ಹಬ್ಬದ ದಿನ ಕೆಟ್ಟ ಮಾತಾಡಿದ್ರೆ ಅಸ್ತು ಅಂದ್ಬಿಡ್ತಾಳಂತೆ. ಆರು ವರ್ಷದಿಂದ ನಮ್ಮತ್ತೆ ಅದನ್ನೇ ಹೇಳ್ತಾರೆ. ನನ್ನ ಹೆಸರು ಹಿಡಿದು ಕರೀದೆ ಆರು ವರ್ಷ ಆಯ್ತು. ನಾನು ಸೈನ್ಸ್ ಟೀಚರು, ಅದನ್ನೆಲ್ಲ ನಂಬಲ್ಲ ಅಂತ ಮೊದಮೊದಲು ಅಂದ್ಕೊಂಡೆ." ಅವಳು ಕಾರಿನ ಕಡೆ ನೋಡಿದಳು. "ಆದ್ರೆ ನಾನು ಹೋಗಿ ನೋಡ್ದೆ. ಆ ಮರದ ಹತ್ರ ರಸ್ತೆ ನೇರಕ್ಕಿದೆ. ತಿರುವೇ ಇಲ್ಲ. ನೇರ ರಸ್ತೇಲಿ ಗಾಡಿ ಎಡಕ್ಕೆ ಹೋಗ್ಬೇಕು ಅಂದ್ರೆ ಯಾರಾದ್ರೂ ತಿರುಗಿಸ್ಬೇಕು. ಅವ್ರು ತಿರುಗಿಸಿದ್ರಾ? ನನ್ನ ಮಾತು ಮನಸ್ಸಿಗೆ ಹಚ್ಕೊಂಡು, ಆಯ್ತು ಹೋಗ್ತೀನಿ ಅಂತ ತಿರುಗಿಸಿದ್ರಾ?"

ಪಂಚಾಕ್ಷರಿ ಕುರ್ಚಿ ಒರೆಸಿದ ಬಟ್ಟೆಯಲ್ಲೇ ಮತ್ತೆ ಮತ್ತೆ ಕೈ ಒರೆಸಿಕೊಂಡ.

"ಅದಕ್ಕೇ ಅದೇ ಗಾಡೀಲಿ, ಅದೇ ದಿನ, ಅಷ್ಟೇ ಸ್ಪೀಡಲ್ಲಿ ಹೋಗಿ ನೋಡ್ತೀನಿ," ಅಂದಳು. "ಗಾಡಿ ತಾನಾಗೇ ಎಡಕ್ಕೆ ಎಳೆದ್ರೆ, ಅದು ಗಾಡಿ ತಪ್ಪು ಅಂತ ಗೊತ್ತಾಗತ್ತೆ. ಎಳೀದಿದ್ರೆ..." ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ನಿಂತಳು. "ಸ್ಟೇರಿಂಗ್ ಸರಿಯಾಗಿದ್ರೆ ತಾನೆ ನಿಜ ಗೊತ್ತಾಗೋದು. ಬಿಗಿ ಮಾಡ್ಕೊಡಿ."

ಅವಳು ಹೋದ ಮೇಲೆ ಪಂಚಾಕ್ಷರಿ ಆ ಕುರ್ಚಿಯಲ್ಲಿ ಕೂತ. ಇಷ್ಟು ವರ್ಷ ತಾನೊಬ್ಬನೇ ಈ ಹೊರೆ ಹೊತ್ತಿದ್ದೇನೆ ಅಂದುಕೊಂಡಿದ್ದ. ಗುಟ್ಟಾಗಿ ಹೊತ್ತರೆ ಅದೂ ಒಂದು ಪ್ರಾಯಶ್ಚಿತ್ತ ಅಂತ ಒಳಗೊಳಗೇ ಸ್ವಲ್ಪ ಸಮಾಧಾನವನ್ನೂ ಪಟ್ಟುಕೊಂಡಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಬರೆಯೆಲ್ಲ ಆ ಹೆಣ್ಣುಮಗಳ ಮೈಮೇಲೆ ಬಿದ್ದಿತ್ತು. ಹಬ್ಬದ ದಿನ ಆಡಬಾರದ ಮಾತು ಆಡಿದೆ ಅಂತ ಅವಳು ಸಾಯುತ್ತಿದ್ದಾಳೆ. ಆಡಲೇಬೇಕಾದ ಮಾತನ್ನು ಹಬ್ಬ ಅಂತ ನುಂಗಿಕೊಂಡವನು ಇಲ್ಲಿ ಕೂತಿದ್ದಾನೆ. ನಾಚಿಕೆಯಿಂದ ಅವನಿಗೆ ತನ್ನ ಕೈಯನ್ನು ನೋಡಿಕೊಳ್ಳಲು ಆಗಲಿಲ್ಲ.

ನಿಜ ಹೇಳಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಪೊಲೀಸರು ಬರಬಹುದು, ಬರದೆಯೂ ಇರಬಹುದು. ಆದರೆ ಪಂಚಾಕ್ಷರಿ ಬಿಗಿದ ನಟ್ಟು ಬಿಚ್ಚಿಕೊಂಡು ಒಬ್ಬ ಸತ್ತ ಅಂದರೆ ಈ ಗ್ಯಾರೇಜಿಗೆ ಸೈಕಲ್ಲೂ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ವತ್ಸಲಾ ತನ್ನನ್ನು ಹೇಗೆ ನೋಡುತ್ತಾಳೆ ಅನ್ನುವುದು ಅವನನ್ನು ಹೆದರಿಸಿತು. ಸುಮ್ಮನಿದ್ದರೆ ಅವಳು ಎರಡು ದಿನದಲ್ಲಿ ಸಡಿಲ ಚಕ್ರ ಹಿಡಿದು ಹುಣಸೆಮರದ ಕಡೆ ಹೊರಡುತ್ತಾಳೆ. ಯೋಚಿಸಲು ಇನ್ನೇನೂ ಇರಲಿಲ್ಲ, ಆದರೂ ಎರಡು ದಿನ ಯೋಚಿಸಿದ. ಮನುಷ್ಯ ಹೇಡಿಯಾದರೆ ಗಡಿಯಾರವನ್ನೂ ಹಿಂದಕ್ಕೆ ತಳ್ಳಲು ನೋಡುತ್ತಾನೆ.

ಆಯುಧಪೂಜೆ ಬಂತು. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳಲು ಡಬ್ಬಿ ತೆರೆದ. ನಟ್ಟು ಬೂದಿಯಲ್ಲಿ ಅರ್ಧ ಮುಳುಗಿ ಮಲಗಿತ್ತು. ಹಣೆಗೆ ವಿಭೂತಿ ಇಟ್ಟುಕೊಂಡು, ನಟ್ಟನ್ನು ಒರೆಸಿ ಜೇಬಿಗೆ ಹಾಕಿಕೊಂಡ. ಗ್ಯಾರೇಜಿಗೆ ಬಂದು ಮೊದಲು ಕಾರನ್ನು ನೋಡಿದ. ರಾತ್ರಿ ಬಿಗಿದಿದ್ದ ಲೇತಿನ ನಟ್ಟು ಬೆರಳಿಗೇ ತಿರುಗಿತು.

ಹತ್ತು ಗಂಟೆಯ ಹೊತ್ತಿಗೆ ಎಲ್ಲ ಆವತ್ತಿನ ಹಾಗೇ ಆಯಿತು. ನೀಲಗಂಗಮ್ಮ ಆಯುಧಗಳನ್ನು ಮಣೆಯ ಮೇಲೆ ಜೋಡಿಸಿದಳು, ಕುಂಕುಮ ಹಚ್ಚಿದಳು, ಮಂಗಳಾರತಿ ಎತ್ತಿದಳು. ಬೂದುಗುಂಬಳಕಾಯಿ ಬಾಗಿಲಲ್ಲಿ ಒಡೆಯಿತು. ಬೀದಿಯ ಮಕ್ಕಳು ಕಡಲೆಪುರಿ ಪೊಟ್ಟಣಕ್ಕೆ ಕೈ ಚಾಚಿದರು. ಹನ್ನೊಂದಕ್ಕೆ ವತ್ಸಲಾ ಬಂದಳು. ಹಬ್ಬದ ಸೀರೆ ಉಟ್ಟಿರಲಿಲ್ಲ, ಸ್ಕೂಲಿಗೆ ಹೋಗುವ ಹತ್ತಿ ಸೀರೆಯಲ್ಲೇ ಇದ್ದಳು. ನೇರ ಹೋಗಿ ಕಾರಿನಲ್ಲಿ ಕೂತು ಬೀಗದಕೈಗೆ ಕೈ ಚಾಚಿದಳು.

"ಆಯ್ತಾ?" ಅಂದಳು.

"ಆಗಿಲ್ಲ ಮೇಡಂ. ಒಂದ್ನಿಮಿಷ."

ಪಂಚಾಕ್ಷರಿ ಮಣೆಯ ಹತ್ತಿರ ಹೋಗಿ ಬಗ್ಗಿ ದೊಡ್ಡ ಸ್ಪ್ಯಾನರನ್ನು ಎತ್ತಿಕೊಂಡ. ಅದರ ಮೇಲಿದ್ದ ಸೇವಂತಿಗೆ ನೆಲಕ್ಕೆ ಬಿತ್ತು.

"ಏನ್ರೀ ಮಾಡ್ತಿದೀರಾ," ಅಂತ ನೀಲಗಂಗಮ್ಮ ಗಾಬರಿಯಾದಳು. "ಇವತ್ತು ಮುಟ್ಟಬಾರದು ರೀ. ನಾಳೆ ಮರುಪೂಜೆ ಆಗ್ಲಿ."

"ಅವತ್ತೂ ಹಿಂಗೇ ಅಂದ್ಕೊಂಡೆ ಕಣೇ," ಅಂದ ಅವನು.

ಕಾರಿನ ಹತ್ತಿರ ಬಂದು ಲೇತಿನ ನಟ್ಟನ್ನು ಬೆರಳಲ್ಲೇ ಬಿಚ್ಚಿ ವತ್ಸಲಾಳ ಮುಂದೆ ಇಟ್ಟ. ಜೇಬಿನಿಂದ ಹಿತ್ತಾಳೆಯದನ್ನು ತೆಗೆದ. ಹಚ್ಚಿದ ತಕ್ಷಣ ಅದು ಬೆಣ್ಣೆಯಲ್ಲಿ ಹೋದಂತೆ ಥ್ರೆಡ್ಡು ಹಿಡಿದು ಒಳಗೆ ಹೋಯಿತು. ಬೆರಳಿಗೆ ಎಷ್ಟು ಸಾಧ್ಯವೋ ಅಷ್ಟು ಬಿಗಿ ಮಾಡಿ ಕೈ ತೆಗೆದ.

"ಅವತ್ತು ಇಲ್ಲಿಗೇ ನಿಲ್ಲಿಸ್ದೆ ಮೇಡಂ," ಅಂದ. "ಪೂಜೆ ಆಗೋಗಿತ್ತು. ಸ್ಪ್ಯಾನರ್ ಮುಟ್ಟಲಿಲ್ಲ. ಸಾರ್‌ಗೆ ಹೇಳಲೂ ಇಲ್ಲ. ಆರತಿ ಹೊತ್ತಲ್ಲಿ ಅಪಶಕುನ ನುಡೀಬಾರದು ಅಂತ ಸುಮ್ನಾದೆ. ಸಾರ್ ತಿರುಗಿಸ್ಲಿಲ್ಲ ಮೇಡಂ. ಚಕ್ರ ಕೈಗೇ ಬಂದ್ಬಿಟ್ಟಿದೆ. ತಿರುಗಿಸಕ್ಕೆ ಅವ್ರ ಕೈಲಿ ಏನೂ ಇರ್ಲಿಲ್ಲ."

ನೀಲಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ತಾನು ಹೂವಿಟ್ಟದ್ದು ಯಾವುದಕ್ಕೆ ಅಂತ ಅವಳಿಗೆ ಆಗ ತಿಳಿಯಿತು. ವತ್ಸಲಾ ಹಿತ್ತಾಳೆಯ ನಟ್ಟಿನ ಮೇಲೆ ಬೆರಳಿಟ್ಟಳು.

"ಇದು ಎಲ್ಲಿತ್ತು?"

"ನನ್ನ ಹತ್ರ."

"ಆರು ವರ್ಷ?"

"ಆರು ವರ್ಷ. ಸೀಟಿನ ಕೆಳಗೆ ಸಿಕ್ತು. ಥ್ರೆಡ್ಡು ನೋಡಿದ್ರೆ ಯಾರಿಗಾದ್ರೂ ಗೊತ್ತಾಗೋದು. ಅದಕ್ಕೇ ಬಚ್ಚಿಟ್ಟೆ."

ಅವಳು ಬೈಯಲಿಲ್ಲ, ಅಳಲಿಲ್ಲ. "ಬಿಗಿ ಮಾಡಿ," ಅಂದಳು. ಪಂಚಾಕ್ಷರಿ ಸ್ಪ್ಯಾನರ್ ಹಾಕಿ ಬಿಗಿದ. ಕೈಯ ಕುಂಕುಮ ಬೆವರಿಗೆ ಕರಗಿ ಮಣಿಕಟ್ಟಿಗೆ ಇಳಿಯಿತು. ಚಕ್ರವನ್ನು ಎಳೆದು, ಒತ್ತಿ, ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ. ಒಂದು ಕೂದಲಿನಷ್ಟೂ ಅಲ್ಲಾಡಲಿಲ್ಲ.

"ಹತ್ತಿ," ಅಂದಳು ವತ್ಸಲಾ. "ಬ್ಯಾಡರಹಳ್ಳಿಗಲ್ಲ, ಮನೆಗೆ. ಈಗ ಹೇಳಿದ್ದನ್ನ ಒಂದು ಮಾತೂ ಬಿಡದ ಹಾಗೆ ನಮ್ಮತ್ತೆಗೆ ಹೇಳ್ಬೇಕು ನೀವು."

ಅವನು ಸ್ಪ್ಯಾನರ್ ಹಿಡಿದುಕೊಂಡೇ ಪಕ್ಕದ ಸೀಟಿನಲ್ಲಿ ಕೂತ. ಇಡುವುದಕ್ಕೆ ನೆನಪಾಗಲಿಲ್ಲ. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿದ ಲಾರಿಗಳು, ಹೂವಿನ ಹಾರದ ಬಸ್ಸುಗಳು, ನಿಂಬೆಹಣ್ಣು ತುಳಿಯುತ್ತಿದ್ದ ಸ್ಕೂಟರುಗಳು. ಅವನು ಚಕ್ರವನ್ನೇ ನೋಡುತ್ತ ಕೂತಿದ್ದ. ಟಕ್ ಟಕ್ ಸದ್ದು ಬರುತ್ತದೇನೋ ಅಂತ ಕಾದ. ಬರಲಿಲ್ಲ.

ಎರಡನೇ ಬ್ಲಾಕಿನ ಮನೆಯ ಮುಂದೆ ಕಾರು ನಿಲ್ಲುವ ಮೊದಲೇ ವರಾಂಡದಲ್ಲಿದ್ದ ಅಲಮೇಲಮ್ಮ ಎದ್ದು ನಿಂತಿದ್ದರು. ಸೇತುರಾಮನ ತಾಯಿ. ಕಣ್ಣು ಅಷ್ಟಕ್ಕಷ್ಟೆ, ಕಿವಿ ಚುರುಕು. ಕಂಬ ಹಿಡಿದು ಗೇಟಿನ ಕಡೆ ಮುಖ ಮಾಡಿದ್ದರು. ಆ ಸದ್ದಿಗೆ ಯಾರು ಬರಬೇಕಿತ್ತೋ ಅವನಿಗಾಗಿ ನಿಂತಿದ್ದರು ಅನ್ನುವುದು ಪಂಚಾಕ್ಷರಿಗೆ ತಿಳಿಯಿತು. ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ಅತ್ತೆ, ಗ್ಯಾರೇಜಿನ ಪಂಚಾಕ್ಷರಿ ಬಂದಿದಾರೆ," ಅಂದಳು ವತ್ಸಲಾ. "ನಿಮ್ಗೆ ಒಂದು ವಿಷ್ಯ ಹೇಳ್ಬೇಕಂತೆ."

ಅವನು ಅಂಗಳದಲ್ಲಿ ನಿಂತೇ ಹೇಳಿದ. ಪಾಲಿಶ್ ಒಣಗದ್ದು, ಪೂಜೆ ಆಗಿದ್ದು, ಬೆರಳಿನ ಬಿಗಿ, ನುಂಗಿಕೊಂಡ ಮಾತು, ಸೀಟಿನ ಕೆಳಗಿನ ನಟ್ಟು, ವಿಭೂತಿ ಡಬ್ಬಿ. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ಅಲಮೇಲಮ್ಮ ಕಂಬಕ್ಕೆ ಒರಗಿದ್ದರು. ಶಾಪ ಹಾಕುತ್ತಾರೆ ಅಂತ ಅವನು ತಲೆ ಬಗ್ಗಿಸಿದ. ಹಾಕಿದರೆ ತಲೆಯ ಮೇಲೆ ಹೊತ್ತುಕೊಳ್ಳುವುದಕ್ಕೆ ಸಿದ್ಧನಾಗಿದ್ದ.

"ಚಕ್ರ ಕೈಗೆ ಬಂತು ಅಂದ್ಯಲ್ಲಪ್ಪ," ಅಂದರು ಅಲಮೇಲಮ್ಮ. "ಆಗ ಅವನಿಗೆ ಗೊತ್ತಾಗಿರತ್ತಾ?"

"ಏನಮ್ಮಾ?"

"ಇದು ಯಾರ ಕೈ ಕೆಲಸ ಅಂತ."

ಪಂಚಾಕ್ಷರಿ ಕಣ್ಣು ಮುಚ್ಚಿದ. ಆರು ವರ್ಷದಲ್ಲಿ ಎಲ್ಲವನ್ನೂ ಯೋಚಿಸಿದ್ದ, ಇದೊಂದನ್ನು ಯೋಚಿಸಿರಲಿಲ್ಲ. ಸೇತುರಾಮ ಆ ಗಾಡಿಯ ಒಂದೊಂದು ತಿರುಪನ್ನೂ ಬಲ್ಲವನು. ಚಕ್ರ ಹಗುರಾಗಿ ಎದೆಯ ಕಡೆಗೆ ಬಂದಾಗ, ಮರ ಎದುರಿಗೆ ಬರುವುದರೊಳಗೆ, ಒಂದು ಕ್ಷಣ ಸಿಕ್ಕೇ ಇರುತ್ತದೆ.

"ಗೊತ್ತಾಗಿರತ್ತೆ ಅಮ್ಮಾ," ಅಂದ. "ಪಂಚಾಕ್ಷರಿ ಬಿಗಿ ಮಾಡಿಲ್ಲ ಅಂತ ಗೊತ್ತಾಗಿರತ್ತೆ."

ಅಲಮೇಲಮ್ಮ ನಿಧಾನವಾಗಿ ತಲೆಯಾಡಿಸಿದರು. ಗಾಳಿಯಲ್ಲಿ ಕೈ ಚಾಚಿ ಸೊಸೆಯ ತೋಳನ್ನು ಹುಡುಕಿ ಹಿಡಿದುಕೊಂಡರು.

"ಹಾಗಾದ್ರೆ ಕೊನೇಲಿ ನಿನ್ನ ಮಾತು ನೆನಪಾಗಿರಲ್ಲ ಅವನಿಗೆ," ಅಂದರು. "ಬಾ ವತ್ಸಲಾ, ಒಳಗೆ ಬಾ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ವತ್ಸಲಾ ಆಗ ಅತ್ತಳು. ಅಳುತ್ತಲೇ ಅತ್ತೆಯ ಕೈ ಹಿಡಿದು ಹೊಸಿಲು ದಾಟಿದಳು. ಬಾಗಿಲು ಯಾರೂ ಹಾಕಲಿಲ್ಲ, ಒಳಗೆ ಬಾ ಅಂತ ಪಂಚಾಕ್ಷರಿಯನ್ನು ಯಾರೂ ಕರೆಯಲೂ ಇಲ್ಲ. ಕುಂಕುಮದ ಸ್ಪ್ಯಾನರ್ ಹಿಡಿದು ಅವನು ಅಂಗಳದಲ್ಲೇ ಕಾರಿನ ಪಕ್ಕ ನಿಂತಿದ್ದ. ಚಕ್ರ ನೇರಕ್ಕಿತ್ತು. ಅವನು ಉಂಗುರವಿಲ್ಲದ ತನ್ನ ಬೆರಳಿನಿಂದ ಅದರ ಮರದ ಅಂಚಿಗೆ ಎರಡು ಸಲ ಬಡಿದು, ಗೇಟು ಹಾಕಿಕೊಂಡು, ನಡೆದೇ ಗ್ಯಾರೇಜಿಗೆ ಹೊರಟ.